ಸಮಗ್ರ ದೀರ್ಘಾವಧಿ ಯೋಜನೆ: ಮೂರು ಹಂತಗಳ ಪರಮಾಣು ಕಾರ್ಯಕ್ರಮದ ಒಳತರ್ಕ

ಮಲೆನಾಡಿನಲ್ಲಿ ಹೊಸದಾಗಿ ಅಡಿಕೆ ತೋಟ ಎಬ್ಬಿಸುವವರು ಮೊದಲು ಬಾಳೆ ಹಾಕುತ್ತಾರೆ. ಬಾಳೆಯ ನೆರಳಿನಲ್ಲಿ ಅಡಿಕೆ ಸಸಿ ಬಿಸಿಲಿನಿಂದ ಉಳಿದು ಬೇರೂರುತ್ತದೆ. ಅಡಿಕೆ ಮರ ಎತ್ತರಕ್ಕೆ ಬೆಳೆದ ಮೇಲೆ ಅದರ ಬುಡದಲ್ಲಿ ಕಾಳುಮೆಣಸಿನ ಬಳ್ಳಿ ನೆಟ್ಟು ಹಬ್ಬಿಸುತ್ತಾರೆ. ಮೆಣಸಿಗೆ ಬೆಲೆ ಹೆಚ್ಚೆಂದು ಮೊದಲ ವರ್ಷವೇ ಬಳ್ಳಿ ನೆಟ್ಟರೆ ಅದಕ್ಕೆ ಹಬ್ಬಲು ಮರವೇ ಇರುವುದಿಲ್ಲ. ಇಲ್ಲಿ ಮೂರು ಬೆಳೆಗಳ ಪಟ್ಟಿಗಿಂತ ಅವುಗಳ ಕ್ರಮ ಮುಖ್ಯ. ಒಂದರ ಫಲ ಮತ್ತೊಂದಕ್ಕೆ ಆಧಾರವಾಗುವಂತೆ, ಇಂದಿನ ಕೆಲಸವನ್ನು ಇಪ್ಪತ್ತು ವರ್ಷದ ಮುಂದಿನ ಅಗತ್ಯ ನಿರ್ಧರಿಸುವಂತೆ ಹಾಕಿಕೊಂಡ ಕ್ರಮವನ್ನೇ ನಾವು ಸಮಗ್ರ ದೀರ್ಘಾವಧಿ ಯೋಜನೆ ಎನ್ನುತ್ತೇವೆ. ನಗರಗಳ ವಿಷಯದಲ್ಲಿ ಇದಕ್ಕೆ ಮಾಸ್ಟರ್ ಪ್ಲಾನ್ ಎಂಬ ಮಾತು ರೂಢಿಯಲ್ಲಿದೆ. ಆದರೆ ರಸ್ತೆ, ಉದ್ಯಾನಗಳನ್ನು ಬಣ್ಣದಲ್ಲಿ ಗುರುತಿಸಿದ ನಕ್ಷೆಯಷ್ಟೇ ಯೋಜನೆ ಎಂಬ ಭಾವನೆಯನ್ನೂ ಆ ಮಾತು ಹುಟ್ಟಿಸಿದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಂತಹ ಯೋಜನೆಯ ಅರ್ಥ ತಿಳಿಸಲು ನನಗೆ ಕಾಣುವ ಅತ್ಯುತ್ತಮ ಉದಾಹರಣೆ ಭಾರತದ ಮೂರು ಹಂತಗಳ ಪರಮಾಣು ವಿದ್ಯುತ್ ಕಾರ್ಯಕ್ರಮ. ಇದನ್ನು ರೂಪಿಸಿದವರು ಹೋಮಿ ಜಹಾಂಗೀರ್ ಭಾಭಾ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗಲೇ, 1944ರ ಮಾರ್ಚ್‌ನಲ್ಲಿ, ಮೂಲಭೂತ ಸಂಶೋಧನೆಗಾಗಿ ಒಂದು ಸಂಸ್ಥೆ ಬೇಕೆಂದು ಟಾಟಾ ದತ್ತಿಗೆ ಪತ್ರ ಬರೆದರು. 1945ರಲ್ಲಿ ಹುಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತನ್ನ ಮೊದಲ ತಿಂಗಳುಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರ ಆಗಸ್ಟ್‌ನಲ್ಲಿ ಪರಮಾಣು ಶಕ್ತಿ ಇಲಾಖೆ ಬಂದವು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಮ್ಮೇಳನದಲ್ಲಿ ಭಾಭಾ ಮೂರು ಹಂತಗಳ ಕಲ್ಪನೆಯನ್ನು ಮುಂದಿಟ್ಟರು. ಆಗ ಭಾರತದಲ್ಲಿ ಒಂದೇ ಒಂದು ರಿಯಾಕ್ಟರ್ ಇರಲಿಲ್ಲ. ಅಪ್ಸರಾ ಚಾಲನೆಗೆ ಬಂದದ್ದು 1956ರ ಆಗಸ್ಟ್‌ನಲ್ಲಿ.

ಹೆಪ್ಪು ಇಲ್ಲದ ಹಾಲು

ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆಯಿದು: ‘ನಮ್ಮಲ್ಲಿ ಅಷ್ಟೊಂದು ಥೋರಿಯಂ ಇದೆಯಂತಲ್ಲ, ಅದನ್ನೇಕೆ ನೇರವಾಗಿ ಬಳಸುತ್ತಿಲ್ಲ?’ ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ‘ತಂತ್ರಜ್ಞಾನ ಇನ್ನೂ ಸಿದ್ಧವಾಗಿಲ್ಲ’ ಎಂಬ ಸಿದ್ಧ ಉತ್ತರ ಸಾಲದು. ಉತ್ತರ ನ್ಯೂಟ್ರಾನ್‌ಗಳ ಲೆಕ್ಕದಲ್ಲಿದೆ.

ಕೇರಳ, ತಮಿಳುನಾಡು, ಆಂಧ್ರಪ್ರದೇಶ, ಒಡಿಶಾಗಳ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರ ತೂಕದಲ್ಲಿ ಸುಮಾರು ಶೇಕಡ 9ರಷ್ಟು ಥೋರಿಯಂ ಆಕ್ಸೈಡ್. ಭಾಭಾ ತಮ್ಮ ವಾದ ಮಂಡಿಸಿದಾಗ ಮುಂದಿಟ್ಟ ಅಂದಾಜಿನಂತೆ ಸುಲಭವಾಗಿ ತೆಗೆಯಬಹುದಾದ ಥೋರಿಯಂ 5 ಲಕ್ಷ ಟನ್ನಿಗೂ ಹೆಚ್ಚು, ಗೊತ್ತಿದ್ದ ಯುರೇನಿಯಂ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಇಡೀ ಯೋಜನೆ ನಿಂತಿರುವುದು ಈ ಒಂದು ಅನುಪಾತದ ಮೇಲೆ.

ಆದರೆ ನಿಸರ್ಗದಲ್ಲಿ ಸಿಗುವ ಥೋರಿಯಂ-232 ನಿಧಾನ ನ್ಯೂಟ್ರಾನ್‌ಗಳಿಂದ ವಿದಳನಗೊಳ್ಳುವುದಿಲ್ಲ. ಅದು ಒಂದು ನ್ಯೂಟ್ರಾನನ್ನು ಹೀರಿ ಥೋರಿಯಂ-233 ಆಗುತ್ತದೆ. ಅದು 22 ನಿಮಿಷದ ಅರ್ಧಾಯುವಿನಿಂದ ಬೀಟಾ ಕ್ಷಯ ಹೊಂದಿ ಪ್ರೊಟ್ಯಾಕ್ಟಿನಿಯಂ-233 ಆಗಿ, ಅದು ಮತ್ತೆ ಸುಮಾರು 27 ದಿನಗಳ ಅರ್ಧಾಯುವಿನಿಂದ ಯುರೇನಿಯಂ-233 ಆಗುತ್ತದೆ. ವಿದಳನಗೊಳ್ಳುವುದು ಈ ಯುರೇನಿಯಂ-233. ಅಂದರೆ ಥೋರಿಯಂ ಹಾಲಿದ್ದಂತೆ. ಎಷ್ಟು ಕೊಳಗ ಹಾಲಿದ್ದರೂ ಹೆಪ್ಪು ಹಾಕದೆ ಮೊಸರಾಗದು. ಒಮ್ಮೆ ಮೊಸರಾದರೆ ಅದರಲ್ಲೇ ಒಂದು ಚಮಚ ಉಳಿಸಿಕೊಂಡು ನಾಳೆಗೆ ಹೆಪ್ಪು ಹಾಕಬಹುದು. ಮೊದಲ ದಿನದ ಹೆಪ್ಪನ್ನು ಮಾತ್ರ ಪಕ್ಕದ ಮನೆಯಿಂದ ತರಲೇಬೇಕು.

ಪರಮಾಣು ಲೋಕದಲ್ಲಿ ಆ ‘ಪಕ್ಕದ ಮನೆ’ ಒಂದೇ ಒಂದು. ನಿಸರ್ಗದಲ್ಲಿ ಬಳಸುವಷ್ಟು ಪ್ರಮಾಣದಲ್ಲಿ ಉಳಿದಿರುವ, ನಿಧಾನ ನ್ಯೂಟ್ರಾನ್‌ಗಳಿಂದ ವಿದಳನಗೊಳ್ಳುವ ಏಕೈಕ ಸಮಸ್ಥಾನಿ ಯುರೇನಿಯಂ-235. ಅದೂ ನೈಸರ್ಗಿಕ ಯುರೇನಿಯಂನಲ್ಲಿ ಶೇಕಡ 0.7ರಷ್ಟು ಮಾತ್ರ, ಒಂದು ಟನ್ನಿಗೆ ಸುಮಾರು 7 ಕಿಲೋಗ್ರಾಂ. ಉಳಿದದ್ದೆಲ್ಲ ಯುರೇನಿಯಂ-238. ಹೀಗೆ ದೇಶದಲ್ಲಿ ಸ್ವಲ್ಪವೇ ಇರುವ ಯುರೇನಿಯಂ ಎಲ್ಲದಕ್ಕೂ ಮೊದಲ ಹೆಪ್ಪು. ಅದನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದರ ಮೇಲೆ ಮುಂದಿನ ನೂರು ವರ್ಷ ನಿಂತಿದೆ.

ಮೊದಲ ಹಂತದ ಲೆಕ್ಕ

ಅಮೆರಿಕದ ಮಾದರಿಯ ರಿಯಾಕ್ಟರ್‌ಗಳಲ್ಲಿ ಸಾಮಾನ್ಯ ನೀರೇ ಮಂದಕ, ನೀರೇ ಶೀತಕ. ಸಾಮಾನ್ಯ ನೀರಿನ ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ಒಂದಷ್ಟು ನುಂಗಿಬಿಡುವುದರಿಂದ, ಸರಣಿ ಕ್ರಿಯೆ ನಡೆಯಲು ಯುರೇನಿಯಂ-235ರ ಪ್ರಮಾಣವನ್ನು ಶೇಕಡ 3ರಿಂದ 5ಕ್ಕೆ ಏರಿಸಬೇಕಾಗುತ್ತದೆ. ಭಾರಜಲವನ್ನು ಮಂದಕವಾಗಿ ಬಳಸಿದರೆ ಈ ನಷ್ಟ ತೀರ ಕಡಿಮೆ. ನೈಸರ್ಗಿಕ ಯುರೇನಿಯಂ ಅನ್ನೇ ಹಾಕಬಹುದು. ಸಂವರ್ಧನೆಯ ಕಾರ್ಖಾನೆ ಬೇಡ, ಭಾರಜಲದ ಕಾರ್ಖಾನೆ ಬೇಕು. ನಂಗಲ್‌ನಲ್ಲಿ ದೇಶದ ಮೊದಲ ಭಾರಜಲ ಸ್ಥಾವರ 1962ರಲ್ಲೇ ಕೆಲಸ ಆರಂಭಿಸಿತು. ಇದರ ಜೊತೆಗೆ ಭಾರಜಲ ರಿಯಾಕ್ಟರ್ ತಾನು ಸುಡುವ ಪ್ರತಿ ಟನ್ ಗಣಿ ಯುರೇನಿಯಂಗೆ ಹೆಚ್ಚು ಪ್ಲುಟೋನಿಯಂ ಕೊಡುತ್ತದೆ. ಯೋಜನೆಯ ದೃಷ್ಟಿಯಿಂದ ಇದೇ ನಿರ್ಣಾಯಕ ಗುಣ. ಇಂದಿನ ವಿದ್ಯುತ್ತಿನ ಜೊತೆಗೆ ನಾಳೆಯ ಇಂಧನವನ್ನೂ ನೋಡಿ ಯಂತ್ರವನ್ನು ಆರಿಸಿದರು.

ಈಗ ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ಹಿಡಿದು ಓದಿದರೆ ಒಳ್ಳೆಯದು. ಒಂದು ಗ್ರಾಂ ವಿದಳನ ವಸ್ತು ಪೂರ್ತಿ ಒಡೆದರೆ ಸುಮಾರು ಒಂದು ಮೆಗಾವಾಟ್-ದಿನ ಉಷ್ಣ ದೊರೆಯುತ್ತದೆ (ಒಂದು ವಿದಳನಕ್ಕೆ 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಎಂದಿಟ್ಟುಕೊಂಡು ನೀವೇ ಪರೀಕ್ಷಿಸಬಹುದು). ಭಾರಜಲ ರಿಯಾಕ್ಟರ್‌ನಲ್ಲಿ ಒಂದು ಟನ್ ಯುರೇನಿಯಂನಿಂದ ಸಿಗುವುದು ಸುಮಾರು 7,000 ಮೆಗಾವಾಟ್-ದಿನ. ಎಂದರೆ ಸಾವಿರ ಕಿಲೋ ಇಂಧನದಲ್ಲಿ ಒಡೆದದ್ದು ಏಳೂವರೆ ಕಿಲೋ, ಶೇಕಡ ಒಂದಕ್ಕೂ ಕಡಿಮೆ. ಉಳಿದದ್ದು ಬಹುತೇಕ ಯುರೇನಿಯಂ-238 ಆಗಿಯೇ ಹೊರಬರುತ್ತದೆ. ಅದರೊಡನೆ ಸುಮಾರು ಮೂರೂವರೆ ಕಿಲೋ ಪ್ಲುಟೋನಿಯಂ ಇರುತ್ತದೆ.

10,000 ಮೆಗಾವಾಟ್ ವಿದ್ಯುತ್ ಸಾಮರ್ಥ್ಯದ ಇಂತಹ ಸ್ಥಾವರಗಳಿವೆ ಎನ್ನಿ. ದಕ್ಷತೆ ಶೇಕಡ 29, ವರ್ಷದಲ್ಲಿ ಶೇಕಡ 80ರಷ್ಟು ಸಾಮರ್ಥ್ಯದಲ್ಲಿ ಓಡುತ್ತವೆ. ಉಷ್ಣ ಸಾಮರ್ಥ್ಯ ಸುಮಾರು 34,500 ಮೆಗಾವಾಟ್. ವರ್ಷಕ್ಕೆ ಬೇಕಾಗುವ ಯುರೇನಿಯಂ ಸುಮಾರು 1,440 ಟನ್. ನಲವತ್ತು ವರ್ಷಕ್ಕೆ 57,600 ಟನ್. ನಮ್ಮ ಯೋಜಕರು ಬಹುಕಾಲ ಲೆಕ್ಕಕ್ಕೆ ಹಿಡಿದ ದೇಶೀಯ ಯುರೇನಿಯಂ ಸಂಪತ್ತು ಸುಮಾರು 60,000 ಟನ್. ಮೊದಲ ಹಂತಕ್ಕೆ 10,000 ಮೆಗಾವಾಟ್ ಎಂಬ ಮಿತಿ ಬಂದದ್ದು ಹೀಗೆ. ಒಂದು ದೊಡ್ಡ ದೇಶಕ್ಕೆ ಇದು ಅತ್ಯಲ್ಪ. ಅಲ್ಲಿಗೆ ಗಣಿ ಬರಿದಾದರೆ ಕಥೆಯೂ ಮುಗಿಯುತ್ತದೆ, ಬಳಸಿದ ಇಂಧನವನ್ನು ಕಸವೆಂದು ಹೂತುಬಿಟ್ಟರೆ.

ಎರಡನೆಯ ಹಂತ ಏಕೆ ಬೇಕೇ ಬೇಕು?

ಬಳಸಿದ ಇಂಧನವನ್ನು ಮರುಸಂಸ್ಕರಿಸಿ ಪ್ಲುಟೋನಿಯಂ ಬೇರ್ಪಡಿಸಿದರೆ ಅದು ಎರಡನೆಯ ಹಂತದ ಇಂಧನ. ಟ್ರಾಂಬೆಯಲ್ಲಿ ಇದಕ್ಕಾಗಿ ಸ್ಥಾವರ 1964ರಲ್ಲಿಯೇ ಸಿದ್ಧವಾಗಿತ್ತು. ತಾರಾಪುರದಿಂದ ಮೊದಲ ಪರಮಾಣು ವಿದ್ಯುತ್ ಬರಲು ಇನ್ನೂ ಐದು ವರ್ಷವಿತ್ತು!

ವಿದಳನಗೊಳ್ಳುವ ಬೀಜಕಣವೊಂದು ಒಂದು ನ್ಯೂಟ್ರಾನನ್ನು ಹೀರಿದಾಗ ಸರಾಸರಿ ಎಷ್ಟು ನ್ಯೂಟ್ರಾನ್ ಹೊರಬರುತ್ತವೆ ಎಂಬ ಸಂಖ್ಯೆಯನ್ನು ಭೌತವಿಜ್ಞಾನಿಗಳು ಈಟಾ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುತ್ತಾರೆ. ಸರಣಿ ಕ್ರಿಯೆ ಮುಂದುವರಿಯಲು ಒಂದು ನ್ಯೂಟ್ರಾನ್ ಬೇಕು. ಸುಟ್ಟ ಒಂದು ಬೀಜಕಣದ ಬದಲು ಹೊಸದೊಂದನ್ನು ತಯಾರಿಸಲು ಮತ್ತೊಂದು ಬೇಕು. ರಚನೆಯ ಲೋಹ, ಶೀತಕ ನುಂಗುವುದು, ಹೊರಗೆ ಸೋರಿಹೋಗುವುದು ಬೇರೆ. ಆದ್ದರಿಂದ ಈಟಾ 2ಕ್ಕಿಂತ ಎಷ್ಟು ಹೆಚ್ಚು ಎಂಬುದೇ ಮನೆಯ ಉಳಿತಾಯ. ನಿಧಾನ ನ್ಯೂಟ್ರಾನ್‌ಗಳಲ್ಲಿ ಯುರೇನಿಯಂ-235ಕ್ಕೆ ಇದು 2.07, ಪ್ಲುಟೋನಿಯಂ-239ಕ್ಕೆ 2.1ರ ಆಸುಪಾಸು, ಯುರೇನಿಯಂ-233ಕ್ಕೆ 2.3. ವೇಗದ ನ್ಯೂಟ್ರಾನ್‌ಗಳಲ್ಲಿ ಪ್ಲುಟೋನಿಯಂನ ಬೆಲೆ ಏರುತ್ತದೆ, ರಿಯಾಕ್ಟರ್‌ನಲ್ಲಿ ಸರಾಸರಿ 2.4ಕ್ಕೂ ಮೇಲೆ. ಆ ಉಳಿತಾಯದ ನ್ಯೂಟ್ರಾನ್‌ಗಳನ್ನು ಸುತ್ತಲಿನ ಯುರೇನಿಯಂ-238 ಹೀರಿದರೆ, ನೆಪ್ಚೂನಿಯಂ-239ರ ಮೂಲಕ ಹೊಸ ಪ್ಲುಟೋನಿಯಂ ಆಗುತ್ತದೆ. ಸುಟ್ಟದ್ದಕ್ಕಿಂತ ಹೆಚ್ಚು ಇಂಧನ ಹುಟ್ಟುತ್ತದೆ. ಇದೇ ಬ್ರೀಡರ್ ರಿಯಾಕ್ಟರ್. ಮತ್ತೆ ಮತ್ತೆ ಮರುಸಂಸ್ಕರಿಸುತ್ತ ಹೋದರೆ ಅದೇ ಯುರೇನಿಯಂನಿಂದ ಅರವತ್ತು ಪಟ್ಟಿನವರೆಗೂ ಹೆಚ್ಚು ಶಕ್ತಿ ಪಡೆಯಬಹುದೆಂಬುದು ಲೆಕ್ಕ. ನ್ಯೂಟ್ರಾನ್‌ಗಳು ನಿಧಾನವಾಗಬಾರದಾದ್ದರಿಂದ ನೀರನ್ನು ಬಳಸುವಂತಿಲ್ಲ. ದ್ರವ ಸೋಡಿಯಂ ಶೀತಕ. ಅದು ಗಾಳಿಗೆ ಉರಿಯುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಎಂಜಿನಿಯರುಗಳ ಕಷ್ಟ ಇಲ್ಲಿಂದ ಶುರು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಮರಳಬಹುದು. ಮೊದಲ ಹಂತದ ಪ್ಲುಟೋನಿಯಂ ಸಿಕ್ಕೊಡನೆ ಅದನ್ನೇ ಹೆಪ್ಪಾಗಿ ಥೋರಿಯಂಗೆ ಹಾಕಬಾರದೇಕೆ? ಹಾಕಬಹುದು, ಮೊಸರೂ ಆಗುತ್ತದೆ. ಆದರೆ ಯುರೇನಿಯಂ-233ರ 2.3ರಲ್ಲಿ ಎರಡನ್ನು ಕಳೆದು ಉಳಿಯುವ 0.3ರಲ್ಲಿ ನಷ್ಟಗಳೂ ಹೋದರೆ ಕೈಯಲ್ಲಿ ಉಳಿಯುವುದು ಸೊನ್ನೆಗೆ ಹತ್ತಿರ. ಅಂತಹ ರಿಯಾಕ್ಟರ್ ತನ್ನ ಇಂಧನವನ್ನು ತಾನು ಹುಟ್ಟಿಸಿಕೊಂಡು ಬಹುಕಾಲ ನಡೆಯಬಲ್ಲದು, ಎರಡನೆಯ ರಿಯಾಕ್ಟರ್‌ಗೆ ಹೆಪ್ಪು ಕೊಡಲಾರದು. ಥೋರಿಯಂ ನಾವು ತಲುಪಿದ ಮಟ್ಟವನ್ನು ಶತಮಾನಗಳ ಕಾಲ ಕಾಯ್ದುಕೊಡುತ್ತದೆ. ಆ ಮಟ್ಟವನ್ನು ಏರಿಸಿಕೊಡುವುದಿಲ್ಲ. ಏರಿಸುವ ಕೆಲಸ ಎರಡನೆಯ ಹಂತದ್ದು. ಸಾಕಷ್ಟು ಏರುವ ಮೊದಲೇ ಥೋರಿಯಂಗೆ ಹಾರಿದರೆ ಕೆಳಗಿನ ಮೆಟ್ಟಿಲಲ್ಲೇ ಶಾಶ್ವತವಾಗಿ ನಿಂತಂತೆ. ಮರ ಬೆಳೆಯದೆ ಮೆಣಸು ನೆಟ್ಟ ಹಾಗೆ.

ಏರಿಕೆಯ ವೇಗವೂ ನಮ್ಮ ಇಚ್ಛೆಯಂತೆ ಇರದು. ಮೇಲಿನ ಲೆಕ್ಕದ 10,000 ಮೆಗಾವಾಟ್ ಸ್ಥಾವರಗಳಿಂದ ವರ್ಷಕ್ಕೆ ಸಿಗುವ ಪ್ಲುಟೋನಿಯಂ ಸುಮಾರು 5 ಟನ್. 500 ಮೆಗಾವಾಟ್‌ನ ಒಂದು ಬ್ರೀಡರ್‌ನ ಗರ್ಭಕ್ಕೆ ಸುಮಾರು 2 ಟನ್ ಬೇಕು. ಹೊರಗೆ ತಂಪಾಗುತ್ತ, ಮರುಸಂಸ್ಕರಣೆಯಲ್ಲಿ, ತಯಾರಿಕೆಯಲ್ಲಿ ಇರುವ ಇಂಧನ ಹೆಚ್ಚುಕಡಿಮೆ ಮತ್ತಷ್ಟು. ಅಂದರೆ ಪೂರ್ಣ ಪ್ರಮಾಣದ ಮೊದಲ ಹಂತವೂ ವರ್ಷಕ್ಕೆ ಇಂತಹ ಒಂದು ಬ್ರೀಡರ್‌ಗಿಂತ ಸ್ವಲ್ಪ ಹೆಚ್ಚನ್ನಷ್ಟೇ ಸಾಕಬಲ್ಲದು. ಅದರಾಚೆಗಿನ ಬೆಳವಣಿಗೆ ಬ್ರೀಡರ್‌ಗಳೇ ಹುಟ್ಟಿಸುವ ಇಂಧನದಿಂದ ಬರಬೇಕು. ಇಂಧನ ಇಮ್ಮಡಿಯಾಗಲು ಹಿಡಿಯುವ ಕಾಲ 12 ವರ್ಷವಾದರೆ 36 ವರ್ಷಗಳಲ್ಲಿ ಸಾಮರ್ಥ್ಯ ಎಂಟು ಪಟ್ಟು. ಅದೇ 30 ವರ್ಷವಾದರೆ ಎರಡೂಕಾಲು ಪಟ್ಟಿನಷ್ಟೇ. ಆಕ್ಸೈಡ್ ಇಂಧನದಲ್ಲಿ ಇಮ್ಮಡಿ ಕಾಲ ದೀರ್ಘ, ಲೋಹದ ಇಂಧನದಲ್ಲಿ ಚಿಕ್ಕದು. ನಮ್ಮ ವಿಜ್ಞಾನಿಗಳು ಲೋಹದ ಇಂಧನದ ಬಗ್ಗೆ ಅಷ್ಟು ಆಸ್ಥೆ ವಹಿಸುವುದಕ್ಕೆ ಈ ಘಾತಾಂಕವೇ ಕಾರಣ. ಚಕ್ರಬಡ್ಡಿಯ ಪಾಠ ಮಾಡುವ ಗಣಿತದ ಮೇಷ್ಟ್ರು ಇದನ್ನು ಉದಾಹರಣೆಯಾಗಿ ಎತ್ತಿಕೊಳ್ಳಬಹುದು.

ಯೋಜನೆಯಿಂದ ಆದ ಉಪಯೋಗ

ದೀರ್ಘಾವಧಿ ಯೋಜನೆಯ ಮೊದಲ ಉಪಯೋಗ, ಇಂದೇ ಆರಂಭಿಸಬೇಕಾದ ನಿಧಾನದ ಕೆಲಸಗಳನ್ನು ಅದು ತೋರಿಸಿಕೊಡುವುದು. ಟ್ರಾಂಬೆಯ ತರಬೇತಿ ಶಾಲೆ 1957ರಲ್ಲಿ ತೆರೆಯಿತು, ತಾರಾಪುರಕ್ಕಿಂತ ಹನ್ನೆರಡು ವರ್ಷ ಮೊದಲು. ಭಾಭಾ 1966ರ ಜನವರಿ 24ರಂದು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಾಗ ಕಾರ್ಯಕ್ರಮ ನಿಲ್ಲದಿದ್ದುದಕ್ಕೆ ಆ ಶಾಲೆಯಿಂದ ಬಂದ ತರುಣರು ಬಹುಮಟ್ಟಿಗೆ ಕಾರಣ.

ಎರಡನೆಯದು, ಆಪತ್ತು ಬಂದಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕ. 1974ರ ಪೋಖ್ರಾನ್ ಪರೀಕ್ಷೆಯ ನಂತರ ಕೆನಡಾ ತನ್ನ ಸಹಕಾರ ನಿಲ್ಲಿಸಿತು. ರಾಜಸ್ಥಾನದ ಎರಡನೆಯ ಘಟಕವನ್ನು ಭಾರತೀಯ ಎಂಜಿನಿಯರುಗಳೇ ಮುಗಿಸಿ 1981ರಲ್ಲಿ ಚಾಲನೆ ಮಾಡಿದರು. ಕಲ್ಪಾಕ್ಕಂನ ಚಿಕ್ಕ ಬ್ರೀಡರ್ ರಿಯಾಕ್ಟರ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಫ್ರಾನ್ಸ್‌ನ ರಾಪ್ಸೋಡಿ ಮಾದರಿಯ ಆ ರಿಯಾಕ್ಟರ್‌ಗೆ ಹೆಚ್ಚು ಸಂವರ್ಧಿಸಿದ ಯುರೇನಿಯಂ ಹೊರಗಿನಿಂದ ಬರಬೇಕಿತ್ತು. ಬರಲಿಲ್ಲ. ನಮ್ಮಲ್ಲಿದ್ದ ಪ್ಲುಟೋನಿಯಂನಿಂದಲೇ, ಪ್ಲುಟೋನಿಯಂ-ಯುರೇನಿಯಂ ಕಾರ್ಬೈಡ್ ಎಂಬ, ಬೇರೆಲ್ಲೂ ಚಾಲಕ ಇಂಧನವಾಗಿ ರೂಢಿಯಲ್ಲಿಲ್ಲದ ಇಂಧನವನ್ನು ರೂಪಿಸಿ 1985ರ ಅಕ್ಟೋಬರ್‌ನಲ್ಲಿ ಅದನ್ನು ಚಾಲನೆಗೆ ತಂದರು. ಅದು ತನ್ನ ವಿನ್ಯಾಸದ ಪೂರ್ಣ 40 ಮೆಗಾವಾಟ್ ಉಷ್ಣ ಸಾಮರ್ಥ್ಯ ಮುಟ್ಟಿದ್ದು 2022ರಲ್ಲಿ. ಮೂರನೆಯ ಹಂತದ ಒಂದು ಸಣ್ಣ ಹಣತೆಯೂ ಅಲ್ಲೇ ಇದೆ: ಯುರೇನಿಯಂ-233ರಿಂದ ನಡೆಯುವ 30 ಕಿಲೋವಾಟ್‌ನ ಕಾಮಿನಿ, 1996ರಲ್ಲಿ ಚಾಲನೆಗೊಂಡದ್ದು.

ನಮ್ಮ ರಾಜ್ಯದ ಕೈಗಾ ಈ ಸರಪಳಿಯ ಒಂದು ಕೊಂಡಿ. ಅಲ್ಲಿನ 220 ಮೆಗಾವಾಟ್‌ನ ನಾಲ್ಕು ಭಾರಜಲ ಘಟಕಗಳು 2000ದಿಂದ 2011ರ ನಡುವೆ ಕಾರ್ಯಾರಂಭ ಮಾಡಿದವು. ಮೊದಲ ಘಟಕ 2018ರ ಡಿಸೆಂಬರ್‌ನಲ್ಲಿ ಸತತ 962 ದಿನ ನಿಲ್ಲದೆ ಓಡಿದ ವಿಶ್ವದಾಖಲೆ ಮಾಡಿತು. ಈ ಸುದ್ದಿ ಎಲ್ಲರಿಗೂ ಗೊತ್ತು. ಕೈಗಾದ ಈ ನಾಲ್ಕೂ ಘಟಕಗಳು ಅಂತಾರಾಷ್ಟ್ರೀಯ ನಿಗಾ ವ್ಯವಸ್ಥೆಯ ಹೊರಗಿವೆ, ದೇಶದ ಯುರೇನಿಯಂ ಅನ್ನೇ ಬಳಸುತ್ತವೆ, ಹಾಗಾಗಿ ಅವುಗಳ ಬಳಸಿದ ಇಂಧನ ಎರಡನೆಯ ಹಂತಕ್ಕೆ ನಿರ್ಬಂಧವಿಲ್ಲದೆ ಒದಗಬಲ್ಲದು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗುರಿ ತಪ್ಪಿದ ಅಂಕಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ಅದು ಪ್ರಚಾರವಾಗುತ್ತದೆ. 1980ರ ದಶಕದಲ್ಲಿ 2000ದ ಹೊತ್ತಿಗೆ 10,000 ಮೆಗಾವಾಟ್ ಎಂದು ಗುರಿಯಿಟ್ಟರು. ಆ ವರ್ಷ ಇದ್ದದ್ದು ಸುಮಾರು 2,700 ಮೆಗಾವಾಟ್. 2007-08ರ ಸುಮಾರಿಗೆ ಗಣಿಗಳ ಕೆಲಸ ಹಿಂದೆ ಬಿದ್ದು, ಯುರೇನಿಯಂ ಸಾಲದೆ, ಇದ್ದ ಸ್ಥಾವರಗಳೂ ಅರ್ಧ ಸಾಮರ್ಥ್ಯದ ಆಸುಪಾಸಿನಲ್ಲಿ ನಡೆದವು. ಕಲ್ಪಾಕ್ಕಂನ 500 ಮೆಗಾವಾಟ್‌ನ ಮೂಲಮಾದರಿ ಬ್ರೀಡರ್‌ನ ನಿರ್ಮಾಣ 2004ರಲ್ಲಿ ಆರಂಭವಾಯಿತು, 2010ಕ್ಕೆ ಮುಗಿಯಬೇಕಿತ್ತು, ಅದರ ಗರ್ಭ ತುಂಬುವ ಕೆಲಸ ಶುರುವಾದದ್ದು 2024ರ ಮಾರ್ಚ್‌ನಲ್ಲಿ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಪರಮಾಣುವಿನ ಪಾಲು ಇಂದಿಗೂ ಶೇಕಡ 3ರ ಆಸುಪಾಸು.

ಯೋಜನೆಯ ತರ್ಕ ಸರಿಯಿದ್ದೂ ವೇಳಾಪಟ್ಟಿ ಏಕೆ ಹೀಗಾಯಿತು? ಹೊರಗಿನ ನಿರ್ಬಂಧ ಒಂದು ಕಾರಣ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ನನ್ನ ಅನಿಸಿಕೆ. ಸರಪಳಿಯಂತಹ ಯೋಜನೆಯಲ್ಲಿ ಒಂದು ಕೊಂಡಿ ತಡವಾದರೆ ಹಿಂದಿರುವ ಎಲ್ಲವೂ ತಡವಾಗುತ್ತವೆ, ಮತ್ತು ಆ ತಡ ಘಾತೀಯವಾಗಿ ಬೆಳೆಯಬೇಕಾದ ಕಡೆ ಬಿದ್ದರೆ ಕಳೆದುಕೊಳ್ಳುವುದು ಬಹಳ. ಗಣಿಗೆ ಹಣ ಹಾಕದೆ ರಿಯಾಕ್ಟರ್‌ಗೆ ಹಾಕಿದ್ದು ಯೋಜನೆಯನ್ನೇ ಸರಿಯಾಗಿ ಓದದ ಫಲ.

ಇನ್ನೊಂದು ಪ್ರಶ್ನೆ ಹೆಚ್ಚು ಗಂಭೀರ. 1954ರ ಯೋಜನೆ ಕೆಲವು ಆಧಾರಗಳ ಮೇಲೆ ನಿಂತಿತ್ತು: ಯುರೇನಿಯಂ ಅಪರೂಪ, ಹೊರಗಿನಿಂದ ತರುವುದು ಅನಿಶ್ಚಿತ, ಬ್ರೀಡರ್ ತಂತ್ರಜ್ಞಾನ ಜಗತ್ತಿನಲ್ಲೆಲ್ಲ ಬೆಳೆದು ಅಗ್ಗವಾಗುತ್ತದೆ. ಇವುಗಳಲ್ಲಿ ಯಾವುದು ಉಳಿದಿದೆ? ಆಂಧ್ರದ ತುಮ್ಮಲಪಲ್ಲಿಯ ನಿಕ್ಷೇಪದಿಂದ ದೇಶೀಯ ಯುರೇನಿಯಂನ ಅಂದಾಜು ಬಹಳ ಏರಿದೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಅದಿರು ಇದೆ. 2008ರಲ್ಲಿ ಪರಮಾಣು ಪೂರೈಕೆದಾರ ದೇಶಗಳ ಗುಂಪು ವಿನಾಯಿತಿ ಕೊಟ್ಟ ಮೇಲೆ ಆಮದು ಸಾಧ್ಯವಾಯಿತು. ಜಗತ್ತಿನಲ್ಲಿ ಯುರೇನಿಯಂ ನಿರೀಕ್ಷಿಸಿದಷ್ಟು ದುಬಾರಿಯಾಗಲಿಲ್ಲ. ಆದ್ದರಿಂದ ಬ್ರೀಡರ್‌ಗಳಿಂದ ಹಲವು ದೇಶಗಳು ಹಿಂದೆ ಸರಿದವು. ಅಮೆರಿಕ ತನ್ನ ಕ್ಲಿಂಚ್ ರಿವರ್ ಯೋಜನೆಯನ್ನು 1983ರಲ್ಲಿ ಕೈಬಿಟ್ಟಿತು, ಫ್ರಾನ್ಸ್‌ನ ಸೂಪರ್‌ಫೀನಿಕ್ಸ್ 1990ರ ದಶಕದ ಕೊನೆಗೆ ಮುಚ್ಚಿತು, ಜಪಾನ್ ಮೊಂಜುವನ್ನು ಮುಚ್ಚುವ ನಿರ್ಧಾರವನ್ನು 2016ರಲ್ಲಿ ಕೈಗೊಂಡಿತು. ರಷ್ಯಾ ಮಾತ್ರ ಬಿಎನ್-600, ಬಿಎನ್-800ಗಳನ್ನು ನಡೆಸಿಕೊಂಡು ಬಂದಿದೆ. ಇತ್ತ ಸೌರವಿದ್ಯುತ್ತಿನ ಬೆಲೆ ಭಾಭಾ ಕಾಲದಲ್ಲಿ ಯಾರೂ ಊಹಿಸದಷ್ಟು ಇಳಿದಿದೆ.

ಹಾಗೆಂದು ಯೋಜನೆ ಸತ್ತಿತೆನ್ನಲಾಗದು. ಬದಲಾಗಬಲ್ಲದ್ದು ಯಾವುದು, ಬದಲಾಗದ್ದು ಯಾವುದು ಎಂದು ವಿಂಗಡಿಸಬೇಕು. ಈಟಾದ ಬೆಲೆ ಬದಲಾಗುವುದಿಲ್ಲ, ಥೋರಿಯಂಗೆ ಹೆಪ್ಪು ಬೇಕೆಂಬುದೂ ಬದಲಾಗುವುದಿಲ್ಲ. ಆದರೆ ಹೆಪ್ಪು ಎಲ್ಲಿಂದ ತರುವುದು ಎಂಬುದು ಬದಲಾಗಬಹುದು. ಆಮದು ಮಾಡಿದ, ಸ್ವಲ್ಪ ಸಂವರ್ಧಿಸಿದ ಯುರೇನಿಯಂ ಜೊತೆಗೆ ಥೋರಿಯಂ ಸುಡುವ ಸುಧಾರಿತ ಭಾರಜಲ ರಿಯಾಕ್ಟರ್‌ನ ವಿನ್ಯಾಸವನ್ನು ನಮ್ಮವರೇ 2009ರಲ್ಲಿ ಪ್ರಕಟಿಸಿದ್ದರು. ಇಂತಹ ದಾರಿಯಲ್ಲಿ ಥೋರಿಯಂನ ಅನುಭವ ಬೇಗ ಸಿಗುತ್ತದೆ; ಹೊರಗಿನವರ ಮೇಲಿನ ಅವಲಂಬನೆ ಮರಳಿ ಬರುತ್ತದೆ. ಯಾವುದು ಮೇಲು ಎಂಬ ಚರ್ಚೆಯಲ್ಲಿ ವಿಜ್ಞಾನ ಒಂದೇ ತೀರ್ಪು ಕೊಡಲಾರದು, ಬೆಲೆ ಮತ್ತು ಭದ್ರತೆಗಳೂ ಮಾತಾಡುತ್ತವೆ. 2025ರ ಕೇಂದ್ರ ಮುಂಗಡಪತ್ರದಲ್ಲಿ 2047ಕ್ಕೆ ಒಂದು ಲಕ್ಷ ಮೆಗಾವಾಟ್ ಪರಮಾಣು ಸಾಮರ್ಥ್ಯದ ಗುರಿ ಘೋಷಿಸಲಾಗಿದೆ. ಆ ಅಂಕಿಯನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು ಕೇಳಬೇಕಾದದ್ದು ಇಷ್ಟು: ಅದರಲ್ಲಿ ಎಷ್ಟು ನೈಸರ್ಗಿಕ ಯುರೇನಿಯಂನಿಂದ, ಎಷ್ಟು ಆಮದಿನಿಂದ, ಎಷ್ಟು ಬ್ರೀಡರ್‌ನಿಂದ? ಬಳಸಿದ ಇಂಧನವನ್ನು ಮರುಸಂಸ್ಕರಿಸುವ ಸಾಮರ್ಥ್ಯ ವರ್ಷಕ್ಕೆ ಎಷ್ಟು ಟನ್? ಮೇಲಿನ ಲೆಕ್ಕವನ್ನು 10,000ದ ಬದಲು 1,00,000 ಹಾಕಿ ಮಾಡಿ ನೋಡಿ. ಎಲ್ಲವೂ ಭಾರಜಲ ಸ್ಥಾವರಗಳೇ ಆದರೆ ವರ್ಷಕ್ಕೆ 14,400 ಟನ್ ಯುರೇನಿಯಂ ಬೇಕಾಗುತ್ತದೆ.

ಕೈಗಾದಲ್ಲಿ 700 ಮೆಗಾವಾಟ್‌ನ ಇನ್ನೂ ಎರಡು ಭಾರಜಲ ಘಟಕಗಳಿಗೆ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದೇ ಸೂತ್ರದಂತೆ ಅವೆರಡೂ ಸೇರಿ ವರ್ಷಕ್ಕೆ ಸುಮಾರು 200 ಟನ್ ಇಂಧನ ಬಳಸಿ, 700 ಕಿಲೋಗ್ರಾಂ ಪ್ಲುಟೋನಿಯಂ ಇರುವ ಬಳಸಿದ ಇಂಧನವನ್ನು ಹೊರಹಾಕುತ್ತವೆ. ಒಂದು 500 ಮೆಗಾವಾಟ್ ಬ್ರೀಡರ್‌ನ ಗರ್ಭ ತುಂಬಲು ಇಂತಹ ಮೂರು ವರ್ಷಗಳ ಇಂಧನ ಬೇಕು.